ಮನೂವರ್ ಅಂದರೆ ಬರೀ ತಿರುಗಿಸುವುದಾ?

ಪ್ರಶ್ನೆ: ನನ್ನ ತಮ್ಮನಿಗೆ ಪಣಂಬೂರಿನ ಬಂದರಿನಲ್ಲಿ, ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಬೋಟಿನ ಕೆಲಸ. ದಿನಾ ‘ಇವತ್ತು ಮನೂವರ್ ಉಂಟು, ತಡವಾಗ್ತದೆ’ ಅನ್ನುತ್ತಾನೆ. ಇಂಗ್ಲಿಷ್ ಪೇಪರಿನಲ್ಲಿ ರಾಜಕಾರಣದ ಸುದ್ದಿಯಲ್ಲೂ ಅದೇ ಪದ. ಅರ್ಥವೇನು, ಎಲ್ಲಿಂದ ಬಂತು, ಕನ್ನಡದಲ್ಲಿ ಏನನ್ನಬೇಕು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಈ ಪದದ ಒಳಗೆ ಒಂದು ಕೈ ಇದೆ. ಲ್ಯಾಟಿನ್‌ನಲ್ಲಿ ‘ಮಾನುಸ್’ ಅಂದರೆ ಕೈ, ‘ಒಪೆರಾರಿ’ ಅಂದರೆ ಕೆಲಸ ಮಾಡು. ಎರಡೂ ಸೇರಿ ಕೈಕೆಲಸ. ಫ್ರೆಂಚ್‌ಗೆ ಬಂದು ರೂಪ ಬದಲಾಯಿತು, 18ನೇ ಶತಮಾನದಲ್ಲಿ ಸೈನ್ಯದ ಪದವಾಗಿ ಇಂಗ್ಲಿಷ್‌ಗೆ ಹೋಯಿತು. ಪಡೆಗಳನ್ನು, ಹಡಗುಗಳನ್ನು ಜಾಣತನದಿಂದ ಬೇಕಾದ ಕಡೆ ಸಾಗಿಸುವುದು ಎಂಬ ಅರ್ಥ ಆಗ ಬಂತು.

ನನಗೆ ತುಂಬಾ ಇಷ್ಟವಾದದ್ದು ಇದರ ಒಡಹುಟ್ಟು. ಗೊಬ್ಬರಕ್ಕೆ ಇಂಗ್ಲಿಷ್‌ನಲ್ಲಿ ‘ಮ್ಯಾನ್ಯೂರ್’ ಅನ್ನುತ್ತಾರಲ್ವಾ, ಅದೂ ಇದೇ ಬೇರಿನದ್ದು. ಮೊದಲು ಅದು ಕೈಯಿಂದ ದುಡಿದು ಹೊಲ ಹಸನು ಮಾಡುವುದಕ್ಕೆ ಇದ್ದ ಮಾತು, ಆಮೇಲೆ ಹೊಲಕ್ಕೆ ಹಾಕುವ ಗೊಬ್ಬರಕ್ಕೇ ಹೆಸರಾಯಿತು. ನಮ್ಮ ತೋಟಕ್ಕೆ ಹೊರುವ ಹಟ್ಟಿಗೊಬ್ಬರವೂ ನಿಮ್ಮ ತಮ್ಮ ಹಡಗು ತಿರುಗಿಸುವುದೂ ಒಂದೇ ಮನೆಯ ಮಾತುಗಳು!

ಬಳಕೆಗೆ ಬರೋಣ. ಮಂಗಳೂರಿನ ಬೆಂಗ್ರೆಯ ತುದಿಯಲ್ಲಿ ನಿಂತು, ನದಿ ಸಮುದ್ರಕ್ಕೆ ಸೇರುವ ಅಳಿವೆಬಾಗಿಲು ನೋಡಿ. ಮೀನು ತುಂಬಿದ ಬೋಟು ಒಳಗೆ ಬರಬೇಕು, ಕೆಳಗೆ ಹೂಳು, ಹಿಂದಿನಿಂದ ತೆರೆ. ಬೋಟು ನಡೆಸುವ ತಾಂಡೇಲ ಅವಸರ ಮಾಡುವುದಿಲ್ಲ, ಇಂಜಿನ್ ನಿಧಾನ ಮಾಡಿ ತೆರೆಗಳನ್ನು ನೋಡುತ್ತಾ ಕಾಯುತ್ತಾನೆ, ದೊಡ್ಡದೊಂದು ದಾಟಿದ ಕೂಡಲೇ ಅದರ ಬೆನ್ನಿಗೇ ಬೋಟನ್ನು ಒಳಗೆ ನುಗ್ಗಿಸುತ್ತಾನೆ. ಅದು ಮನೂವರ್. ಸುಮ್ನೆ ಸ್ಟೇರಿಂಗ್ ತಿರುಗಿಸಿದರೆ ಅಲ್ಲ. ಕಷ್ಟದ ಜಾಗ, ಲೆಕ್ಕಾಚಾರ, ನುರಿತ ಕೈ, ಮೂರೂ ಬೇಕು.

ಗಂಟಲಲ್ಲಿ ತುತ್ತು ಸಿಕ್ಕಿ ಉಸಿರುಗಟ್ಟಿದವರನ್ನು ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಜೋರಾಗಿ ಒತ್ತುವ ವಿಧಾನಕ್ಕೂ ಇದೇ ಹೆಸರು. 1974ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ ಹೇಳಿದ್ದರಿಂದ ಅದು ಹೈಮ್ಲಿಕ್ ಮನೂವರ್.

ರಾಜಕಾರಣದಲ್ಲಿ ಇದರ ಅರ್ಥ ಒಳಗಿಂದೊಳಗೆ ಆಟ ಕಟ್ಟುವುದು. ಕನ್ನಡದಲ್ಲೂ ಹಾಗೇ ಆಗಿದೆ ನೋಡಿ. ಮೆಚ್ಚುಗೆಗೆ ‘ಕೈಚಳಕ’, ಗುಮಾನಿಗೆ ‘ಕೈವಾಡ’. ಎರಡರಲ್ಲೂ ಕೈ! ಬೇರೆ ದಾರಿಯೇ ಇಲ್ಲ, ಮನೂವರ್‌ಗೆ ಜಾಗವಿಲ್ಲ ಅಂತ ಇಂಗ್ಲಿಷ್‌ನವರು ಹೇಳುವಲ್ಲಿ ನಾವು ‘ಕೈ ಕಟ್ಟಿಹಾಕಿದ ಹಾಗಾಗಿದೆ’ ಅನ್ನುತ್ತೇವೆ.

ಹಾಗಾಗಿ ಎಲ್ಲ ಕಡೆಗೂ ಒಂದೇ ಕನ್ನಡ ಪದ ಹುಡುಕಬೇಡಿ. ಸೈನ್ಯಕ್ಕೆ ‘ಸಮರಾಭ್ಯಾಸ’, ರಾಜಕಾರಣಕ್ಕೆ ‘ತಂತ್ರಗಾರಿಕೆ’ ಅಥವಾ ‘ಕೈವಾಡ’, ಡ್ರೈವರ್‌ಗೆ ‘ಕೈಚಳಕ’ ಸಾಕು. ಕೆಲವರು ಎಲ್ಲದಕ್ಕೂ ‘ಕಾರ್ಯಾಚರಣೆ’ ಅಂತ ಬರೆಯುತ್ತಾರೆ, ಅದರಲ್ಲಿ ಜಾಣತನವೇ ಕಾಣುವುದಿಲ್ಲ. ಉಚ್ಚಾರ ‘ಮ್ಯಾನೋವರ್’ ಅಲ್ಲ, ನಿಮ್ಮ ತಮ್ಮ ಹೇಳುವ ‘ಮನೂವರ್’ ಸರಿ. ಅವರ ಕೆಲಸಕ್ಕೆ ಕನ್ನಡ ಬೇಕಿದ್ದರೆ ‘ಹಡಗು ಹೊರಳಿಸುವುದು’ ಅನ್ನಬಹುದು.