ಪೆಂಟೋಸಾನ್ ಪಾಲಿಸಲ್ಫೇಟ್‌ಗೆ ಮಾಸ್ ಸ್ಪೆಕ್‌ನಲ್ಲಿ ನೆಟ್ಟಗೆ ಒಂದು ಪೀಕ್ ಯಾಕೆ ಬರಲ್ಲ?

ಪೆಂಟೋಸಾನ್ ಪಾಲಿಸಲ್ಫೇಟನ್ನು ನೀರಲ್ಲಿ ಕರಗಿಸಿ ನೇರವಾಗಿ ಮಾಸ್ ಸ್ಪೆಕ್‌ಗೆ (ಅಣುಗಳ ತೂಕ ಅಳೆಯುವ ಯಂತ್ರಕ್ಕೆ) ಕೊಟ್ಟರೆ ಒಂದು ತೂಕಕ್ಕೆ ಒಂದು ಚೂಪಾದ ಪೀಕ್ ಬರುವ ಬದಲು ಬರೀ ದಿಬ್ಬದಂಥ ಸಿಗ್ನಲ್ ಬರ್ತಿದೆ, ಮಷೀನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಮಷೀನ್ ಮೇಲೆ ಅನುಮಾನ ಬೇಡ. ಈ ಔಷಧಿಗೆ ಒಂದೇ ತೂಕ ಅನ್ನುವುದೇ ಇಲ್ಲ.

ಬೀಚ್ ಮರದ ಕ್ಸೈಲಾನ್‌ಗೆ (ಕ್ಸೈಲೋಸ್ ಅನ್ನುವ ಸಕ್ಕರೆಯ ಸರಪಳಿಗೆ) ಸಲ್ಫೇಟ್ ಕೂರಿಸಿ ಇದನ್ನು ಮಾಡುತ್ತಾರೆ. ಮೂತ್ರಕೋಶದ ನೋವಿಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿದ ಔಷಧಿ. ಸರಾಸರಿ ತೂಕ 4,000ದಿಂದ 6,000 ಡಾಲ್ಟನ್ (ಅಣುವಿನ ತೂಕದ ಅಳತೆ). ಸರಪಳಿಗಳ ಉದ್ದ ಬೇರೆ ಬೇರೆ, ಸಲ್ಫೇಟ್‌ಗಳ ಲೆಕ್ಕವೂ ಬೇರೆ ಬೇರೆ. ಸಾಲದ್ದಕ್ಕೆ ಸೋಡಿಯಂ ಕಾಟ. ಒಂದು ಹೈಡ್ರೋಜನ್ ಜಾಗಕ್ಕೆ ಸೋಡಿಯಂ ಬಂದರೆ 21.98 ಜಾಸ್ತಿ, ಸಲ್ಫೇಟ್ ಒಂದು ಉದುರಿದರೆ 79.96 ಕಡಿಮೆ. ಒಂದೇ ಅಣು ಹತ್ತಾರು ಪೀಕ್‌ಗಳಲ್ಲಿ ಹಂಚಿಹೋಗುತ್ತದೆ.

ಅದಕ್ಕೇ ನಾನು ಮೊದಲು ಸಲ್ಫೇಟ್ ತೆಗೆದು ಬರೀ ಸಕ್ಕರೆ ಸರಪಳಿ ನೋಡುತ್ತೇನೆ. ಮಾಲ್ಡಿಯಲ್ಲಿ (ಲೇಸರ್ ಹೊಡೆದು ಅಣುಗಳನ್ನು ಅಯಾನ್ ಮಾಡುವ ಮಾಸ್ ಸ್ಪೆಕ್), ಧನ ಅಯಾನ್‌ಗಳನ್ನು ನೋಡುವ ಪಾಸಿಟಿವ್ ಮೋಡ್‌ನಲ್ಲಿ. ಆಗ ಚಿತ್ರ ಎಷ್ಟು ಚೊಕ್ಕವಾಗಿ ಬಿಚ್ಚಿಕೊಳ್ಳುತ್ತದೆ ನೋಡಿ: ಹತ್ತು ಕ್ಸೈಲೋಸ್‌ನ ಸರಪಳಿ ಸೋಡಿಯಂ ಜೊತೆ 1361.42ರಲ್ಲಿ, ಹನ್ನೊಂದರದ್ದು 1493.46ರಲ್ಲಿ. ಮಧ್ಯದ ಅಂತರ 132.04, ಅಂದರೆ ಒಂದು ಕ್ಸೈಲೋಸ್. ಪಕ್ಕದಲ್ಲೇ 1551.47 ಕಂಡರೆ ಅದು ಹತ್ತು ಕ್ಸೈಲೋಸ್ ಜೊತೆ ಒಂದು ಮೀಥೈಲ್ ಗ್ಲುಕ್ಯುರಾನಿಕ್ ಆಮ್ಲ. ಮುಖ್ಯ ಸರಪಳಿಗೆ ಪಕ್ಕದಲ್ಲಿ ಅಂಟಿಕೊಂಡ ಈ ಕವಲು ಸುಮಾರು ಹತ್ತು ಕ್ಸೈಲೋಸ್‌ಗೆ ಒಂದರಂತೆ ಇರುತ್ತದೆ. ಮರದಿಂದಲೇ ಬಂದ ಗುರುತು ಇದು, ದಯವಿಟ್ಟು ಕಲ್ಮಶ ಅಂದುಕೊಂಡು ಬಿಟ್ಟುಬಿಡಬೇಡಿ.

ಸಲ್ಫೇಟ್ ಲೆಕ್ಕ ಬೇಕಾದರೆ ಸರಪಳಿಯನ್ನು ಚಿಕ್ಕ ತುಂಡು ಮಾಡಿ, ಅಯಾನ್ ಪೇರ್ ಕಾಲಮ್‌ನಲ್ಲಿ (ಸಲ್ಫೇಟ್‌ನ ಋಣ ಆವೇಶಕ್ಕೆ ಜೋಡಿಯಾಗುವ ರಾಸಾಯನಿಕ ಸೇರಿಸಿ ಬೇರ್ಪಡಿಸುವ ವಿಧಾನ) ಬೇರ್ಪಡಿಸಿ, ಎಲೆಕ್ಟ್ರೋಸ್ಪ್ರೇ (ದ್ರಾವಣವನ್ನು ಸಿಂಪಡಿಸಿ ಅಯಾನ್ ಮಾಡುವ ವಿಧಾನ) ನೆಗೆಟಿವ್ ಮೋಡ್‌ನಲ್ಲಿ, ಅಂದರೆ ಋಣ ಅಯಾನ್‌ಗಳನ್ನು ನೋಡಿ. ಸೋರ್ಸ್‌ನ (ಅಯಾನ್‌ಗಳು ಹುಟ್ಟುವ ಭಾಗದ) ಬಿಸಿ, ವೋಲ್ಟೇಜ್ ಎರಡನ್ನೂ ಆದಷ್ಟು ಇಳಿಸಿ. ಇಲ್ಲದಿದ್ದರೆ ಸಲ್ಫೇಟ್ ದಾರಿಯಲ್ಲೇ ಉದುರುತ್ತದೆ, ಔಷಧಿಯಲ್ಲೇ ಕಡಿಮೆ ಇತ್ತು ಅನ್ನಿಸಿಬಿಡುತ್ತದೆ. ಅಯಾನ್ ಪೇರ್‌ಗೆ ಬ್ಯೂಟೈಲ್ ಅಮೈನ್ ತರದ ರಾಸಾಯನಿಕ ಬಳಸುವುದಾದರೆ ಅದಕ್ಕೇ ಅಂತ ಒಂದು ಕಾಲಮ್ ಇಟ್ಟುಬಿಡಿ. ಒಮ್ಮೆ ಹಿಡಿದರೆ ಅದು ಬೇಗ ಬಿಡಲ್ಲ.

ಇನ್ನೊಂದು ವಿಷಯ. ಕ್ಸೈಲೋಸ್, ಅರಾಬಿನೋಸ್ ಎರಡಕ್ಕೂ ತೂಕ ಒಂದೇ. ಸಲ್ಫೇಟ್ ಸಕ್ಕರೆಯ ಎರಡನೇ ಕಾರ್ಬನ್ ಜಾಗದಲ್ಲಿದ್ದರೂ ಮೂರನೆಯದರಲ್ಲಿದ್ದರೂ ಒಟ್ಟು ತೂಕ ಬದಲಾಗಲ್ಲ. ಬರೀ ತೂಕ ನೋಡಿ ಇವನ್ನು ತೀರ್ಮಾನ ಮಾಡಲು ಹೋಗಬೇಡಿ, ಅದೇ ಬ್ಯಾಚ್‌ನ ಸ್ವಲ್ಪ ಪುಡಿಯನ್ನು ಎನ್‌ಎಂಆರ್‌ಗೂ (ಅಣುವಿನಲ್ಲಿ ಯಾವುದು ಎಲ್ಲಿ ಕೂತಿದೆ ಎಂದು ತೋರಿಸುವ ಪರೀಕ್ಷೆಗೂ) ಕೊಡಿ.