ಹೆಸರು ಹಾಕಿರಲಿಲ್ಲ, ಆದರೂ ಗುರುತು ಸಿಕ್ಕಿತು

(ಹೆಸರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಧಾ, 29 ವರ್ಷ, ಸ್ಟಾಫ್ ನರ್ಸ್. ಸಲಹೆ ಕೇಳಲು ನನ್ನ ಬಳಿ ಬಂದವರು ಕೂರುವ ಮೊದಲೇ ಹೇಳಿದರು: "ಸ್ಟೇಟಸ್‌ನಲ್ಲಿ ರೋಗಿಯ ಹೆಸರು ಹಾಕಿಲ್ಲ ಮೇಡಂ, ಮುಖಾನೂ ಇಲ್ಲ. ಆದ್ರೂ ಆಸ್ಪತ್ರೆಯವರು ವಿವರಣೆ ಕೇಳಿ ಮೆಮೊ ಕೊಟ್ಟಿದ್ದಾರೆ."

ಅವರ ವಾರ್ಡಿನಲ್ಲಿ ಬಹಳ ದಿನದಿಂದ ಇದ್ದ ಒಬ್ಬ ಹಿರಿಯರು ಬೆಳಗಿನ ಜಾವ ತೀರಿಕೊಂಡರು. ಡ್ಯೂಟಿ ಮುಗಿಸಿ ಹೊರಬಂದ ಸುಧಾ ವಾಟ್ಸಾಪ್ ಸ್ಟೇಟಸ್‌ಗೆ ಒಂದು ಹಳೇ ಫೋಟೊ ಹಾಕಿದರು. ಅವರ ಕೈಯೊಳಗೆ ತಾತನ ಕೈ. ಕೆಳಗೆ, "ದಿನಾ ರಾತ್ರಿ ರೇಡಿಯೊ ಹಾಕು ಮಗಳೇ ಅನ್ನುತ್ತಿದ್ದ ತಾತ ಇವತ್ತು ಹೋದರು." ಸಹೋದ್ಯೋಗಿಯೊಬ್ಬರು ಮೆಚ್ಚಿಕೊಂಡು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗ್ರೂಪಿಗೆ ಕಳಿಸಿದರು. ಅಲ್ಲಿಂದ ಅದು ತಾತನ ಮೊಮ್ಮಗಳಿಗೆ ತಲುಪಿತು. ಅವಳು ಹಾಸ್ಟೆಲ್‌ನಲ್ಲಿದ್ದಳು. ಮನೆಗೆ ಬಂದ ಮೇಲೆ ನಿಧಾನವಾಗಿ ಹೇಳೋಣ ಅಂತ ಅವರಪ್ಪ ಕಾಯುತ್ತಿದ್ದರು.

ಸುಧಾ ಫೋಟೊ ತೋರಿಸಲು ಬಂದರು. ನನಗೆ ಬೇಡ ಅಂದೆ. ನಾನು ನೋಡಿದರೆ ಅದೂ ಇನ್ನೊಬ್ಬರಿಗೆ ತೋರಿಸಿದ ಹಾಗೇ ಅಲ್ವಾ? "ನೀವೇ ದೊಡ್ಡದು ಮಾಡಿ ನೋಡಿ, ಕಂಡಿದ್ದನ್ನು ಹೇಳಿ" ಅಂದೆ. ಒಂದೊಂದಾಗಿ ಹೇಳಿದರು. ಸೊಟ್ಟಗಾದ ಕಿರುಬೆರಳು. ಹಸಿರು ಕಲ್ಲಿನ ಉಂಗುರ. ಮಣಿಕಟ್ಟಿನ ಪಟ್ಟಿಯ ಮೇಲೆ ಅರ್ಧ ನಂಬರ್. ಹಿಂದೆ ಬೆಡ್ ನಂಬರಿನ ಬೋರ್ಡ್. ಉಂಗುರದ ಹತ್ತಿರ ಬಂದಾಗಲೇ ಅವರ ದನಿ ಇಳಿದಿತ್ತು. ನಾನು ವಿವರಿಸಬೇಕಾಗಿ ಬರಲಿಲ್ಲ.

"ಓದುವಾಗ ಗೌಪ್ಯತೆ ಅಂದ್ರೆ ಕೇಸ್‌ ಶೀಟ್ ಅಂತ ಇತ್ತು, ಸ್ಟೇಟಸ್ ಬಗ್ಗೆ ಯಾರೂ ಹೇಳಿಲ್ಲ" ಅಂದರು. ಈಗ ಹೇಳಿದೆ. ಅಂತಾರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ನೀತಿಸಂಹಿತೆ 1953ರಿಂದ ಇದೆ. 2021ರ ಪರಿಷ್ಕರಣೆಯಲ್ಲಿ ಸೋಷಿಯಲ್ ಮೀಡಿಯಾ ಎಂದು ಬಿಡಿಸಿಯೇ ಬರೆದಿದ್ದಾರೆ. ಅಲ್ಲೂ ರೋಗಿಗಳ ಮತ್ತು ಸಹೋದ್ಯೋಗಿಗಳ ಗೌಪ್ಯತೆ ಕಾಯಬೇಕು. ರೋಗಿ ಸತ್ತ ಮಾತ್ರಕ್ಕೆ ಈ ಜವಾಬ್ದಾರಿ ಮುಗಿಯುವುದಿಲ್ಲ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಸ್ಕ್ರೀನ್‌ಶಾಟ್ ಹೋಗುವುದಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಮಾತ್ರ ಬೇರೆ. ಅವರು ಲೈಕ್‌ಗಾಗಿ ಹಾಕಿದವರಲ್ಲ. ತಾತ ಹೋದ ಬೆಡ್‌ಗೆ ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ವಾರ್ಡ್ ಒಪ್ಪಿಸುವುದು) ಮುಗಿಯುವಷ್ಟರಲ್ಲಿ ಹೊಸ ರೋಗಿ ಬಂದಿದ್ದರು. "ಅಳೋಕೂ ಟೈಮ್ ಇರ್ಲಿಲ್ಲ ಮೇಡಂ." ಯಾರಾದರೂ "ಏನಾಯ್ತು ಸುಧಾ?" ಅಂದಿದ್ದರೆ ಆ ಸ್ಟೇಟಸ್ ಬರುತ್ತಲೇ ಇರಲಿಲ್ಲ ಅಂತ ನನ್ನ ಅಂದಾಜು. ಹಾಗಂತ ಆ ಹುಡುಗಿಗೆ ಆದ ನೋವು ಕಡಿಮೆಯಾಗುವುದಿಲ್ಲ. ಇದನ್ನೂ ಅವರಿಗೆ ಹೇಳಿದೆ.

ಮೆಮೊಗೆ ಉತ್ತರ ಚಿಕ್ಕದಾಗಿರಲಿ ಅಂದೆ. ಫೋಟೊ ಯಾವಾಗ ತೆಗೆದದ್ದು, ಒಪ್ಪಿಗೆ ಕೇಳಿದ್ದರೇ, ಎಲ್ಲಿ ಹಾಕಿದ್ದು, ಯಾವಾಗ ತೆಗೆದುಹಾಕಿದ್ದು, ಪ್ರತಿ ಇನ್ನೂ ಎಲ್ಲೆಲ್ಲಿ ಇದೆ, ಅಷ್ಟೇ. "ಎಲ್ಲರೂ ಹಾಕ್ತಾರೆ" ಅನ್ನುವ ಸಾಲನ್ನು ತೆಗೆಸಿದೆ. ಅದು ನಿಜವೇ ಇರಬಹುದು, ಆದರೆ ಕೆಲಸಕ್ಕೆ ಬರುವುದಿಲ್ಲ. ಫೋನಿನಲ್ಲಿರುವ ಫೋಟೊ ವಿಚಾರಣೆಗೆ ಬೇಕಾ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್‌ರನ್ನು ಕೇಳಿ, ಆಮೇಲೆ ಗ್ಯಾಲರಿ, ಬ್ಯಾಕಪ್, ಟ್ರ್ಯಾಶ್ ಮೂರರಿಂದಲೂ ಅಳಿಸಲು ಹೇಳಿದೆ.

ಕುಟುಂಬಕ್ಕೆ ಫೋನ್ ಮಾಡಿ ಕ್ಷಮೆ ಕೇಳುವ ಆಸೆ ಅವರಿಗಿತ್ತು. ಬೇಡ ಅಂದೆ. ನಂಬರ್ ಎಲ್ಲಿಂದ ಸಿಗಬೇಕು? ರೋಗಿಯ ಫೈಲಿನಿಂದ. ಅದೇ ಇನ್ನೊಂದು ತಪ್ಪಾಗುತ್ತದೆ. ಆಸ್ಪತ್ರೆಯ ಮೂಲಕವೇ ಪತ್ರ ಹೋಗಲಿ, ಓದುವುದು ಬಿಡುವುದು ಅವರಿಷ್ಟ.

ಸೋಷಿಯಲ್ ಮೀಡಿಯಾ ಬಿಡಿ ಅಂತ ಹೇಳಲಿಲ್ಲ. ಕೈ ತೊಳೆಯುವ ಕ್ರಮ ಹಾಕಲಿ, ನೈಟ್ ಡ್ಯೂಟಿಯ ಸುಸ್ತು ಬರೆಯಲಿ. ಆದರೆ ರೋಗಿಯ ಬಗ್ಗೆ ಒಂದು ವಾರ ಬಿಟ್ಟು ಬರೆದರೂ, ಅವರ ಮನೆಯವರು ಓದಿ "ಇದು ನಮ್ಮವರೇ" ಅನ್ನುವಂತಿದ್ದರೆ ಹಾಕಬಾರದು. ತಾತನ ಬಗ್ಗೆ ಹೇಳಬೇಕಾದ್ದನ್ನು ಇಲ್ಲಿ ಹೇಳಿದರು, ಅತ್ತರು. ಡ್ಯೂಟಿ ಮುಗಿದ ಮೇಲೆ ಐದು ನಿಮಿಷ ಮಾತಾಡಲು ಒಬ್ಬ ಸೀನಿಯರ್ ಸಿಸ್ಟರ್ ಒಪ್ಪಿದ್ದಾರೆ.

ಲಿಖಿತ ಎಚ್ಚರಿಕೆಯೊಂದಿಗೆ ಪ್ರಕರಣ ಮುಗಿಯಿತು. ಮುಂದಿನ ಸಲ ಬಂದಾಗ ಸುಧಾ ಇನ್ನೊಂದು ವಿಷಯ ತಂದಿದ್ದರು. ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ರೋಗಿಗಳ ಹೆಸರಿನ ಸಮೇತ ಎಕ್ಸ್‌ರೇ, ರಿಪೋರ್ಟ್ ಫೋಟೊಗಳು ಓಡಾಡುತ್ತವೆ. ಗ್ರೂಪ್ ಬಿಟ್ಟರೆ ಕೆಲಸದ ಸುದ್ದಿಯೇ ಸಿಗುವುದಿಲ್ಲ. ಇದು ಅವರೊಬ್ಬರೇ ಸರಿಮಾಡುವ ವಿಷಯ ಅಲ್ಲ. ಬೇರೆ ಸುರಕ್ಷಿತ ದಾರಿ ಕೊಡಿ ಎಂದು ಇನ್‌ಚಾರ್ಜ್‌ಗೆ ಬರೆಯಿರಿ ಅಂದೆ. ಅಲ್ಲೇ ಕೂತು ಬರೆದರು. ಯಾರು ಯಾವ ಫೋಟೊ ಕಳಿಸಿದರು ಅನ್ನುವ ಎರಡು ಸಾಲು ತೆಗೆಸಿ, ಉಳಿದದ್ದನ್ನು ಹಾಗೇ ಕೊಡಲು ಹೇಳಿದೆ.