ಎದೆ ತುಂಬಾ ಪದಕ ಇದ್ದರೆ ಬಡ್ತಿ ಬೇಗ ಸಿಗುತ್ತಾ?

ಪ್ರಶ್ನೆ: ಮಗ ಬಿ.ಎಸ್ಸಿ. ಕೊನೆ ವರ್ಷದಲ್ಲಿದ್ದಾನೆ, ಸೇನೆಯಲ್ಲಿ ಅಧಿಕಾರಿ ಆಗಬೇಕು ಅಂತಾನೆ. ಟೀವಿಯಲ್ಲಿ ಪರೇಡ್ ನೋಡುವಾಗ ಕೆಲವರ ಎದೆ ಮೇಲೆ ಸಾಲುಸಾಲು ಪದಕ ಇರುತ್ತವೆ. ಪದಕ ಬಂದವರಿಗೆ ಬೇಗ ಬಡ್ತಿ ಸಿಗುತ್ತದಾ? ಕೊಡಗಿನ ಜನರಲ್ ತಿಮ್ಮಯ್ಯನವರು ಹಾಗೇ ಮೇಲೆ ಬಂದರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಸಾಲಿನಲ್ಲಿರುವುದೆಲ್ಲ ಶೌರ್ಯಕ್ಕೆ ಬಂದದ್ದಲ್ಲ ಸ್ವಾಮಿ. 9, 20, 30 ವರ್ಷ ಸೇವೆ ಮುಗಿಸಿದ್ದಕ್ಕೆ ಒಂದೊಂದು, ಸಿಯಾಚಿನ್‌ನಲ್ಲಿ ಕೆಲಸ ಮಾಡಿದ್ದಕ್ಕೆ ಇನ್ನೊಂದು, ಹೀಗೆ ಸೇರುತ್ತಾ ಹೋಗುತ್ತವೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮಾತ್ರ ಶತ್ರುವಿನ ಎದುರು ನಿಂತು ತೋರಿದ ಧೈರ್ಯಕ್ಕೆ. ಅವು ಬಂದ ತಕ್ಷಣ ಬಡ್ತಿ ಬರಲ್ಲ. ಲೆಫ್ಟಿನೆಂಟ್ ಕರ್ನಲ್ ತನಕ ಸೇವೆಯ ವರ್ಷ ಮತ್ತು ಇಲಾಖಾ ಪರೀಕ್ಷೆ ನೋಡುತ್ತಾರೆ. ಕರ್ನಲ್‌ನಿಂದ ಮೇಲೆ ಆಯ್ಕೆ ಮಂಡಳಿ. ಅಲ್ಲಿ ಪದಕಕ್ಕೂ ಸ್ವಲ್ಪ ಬೆಲೆ ಇದೆ, ಆದರೆ ಜಾಸ್ತಿ ನೋಡುವುದು ಮೇಲಧಿಕಾರಿಗಳು ವರ್ಷ ವರ್ಷ ಬರೆದಿಟ್ಟ ಗುಪ್ತ ವರದಿ.

ತಿಮ್ಮಯ್ಯನವರನ್ನೇ ನೋಡಿ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಸೇನಾ ಅಕಾಡೆಮಿ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ಬರ್ಮಾ ಯುದ್ಧದಲ್ಲಿ ಹೈದರಾಬಾದ್ ರೆಜಿಮೆಂಟಿನ ಪಟಾಲಂ ನಡೆಸಿ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಪಡೆದರು. ಆದರೆ ಅವರ ಹೆಸರು ನಿಂತಿದ್ದು 1948ರ ನವೆಂಬರ್ 1ರಂದು. ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಕಾಶ್ಮೀರ-ಲಡಾಖ್ ನಡುವಿನ ಜೋಜಿಲಾ ಕಣಿವೆ ದಾರಿಗೆ, ಅಲ್ಲಿ ಯಾರೂ ಊಹಿಸಿರದ ಟ್ಯಾಂಕ್‌ಗಳನ್ನು ಗುಟ್ಟಾಗಿ ಸಾಗಿಸಿ ಪಾಕಿಸ್ತಾನಿ ಪಡೆಯ ಮೇಲೆ ದಾಳಿ ಮಾಡಿಸಿದರು. ಆಗ ಅವರು ಮೇಜರ್ ಜನರಲ್. 1954ರಲ್ಲಿ ಪದ್ಮಭೂಷಣ ಬಂದದ್ದು ಕೊರಿಯಾದ ಯುದ್ಧಕೈದಿಗಳ ಸಮಸ್ಯೆಯನ್ನು ನಿಭಾಯಿಸಿದ ಮೇಲೆ, ಗುಂಡು ಹಾರಿಸಿದ್ದಕ್ಕಲ್ಲ! 1957ರಲ್ಲಿ ಸೇನಾ ಮುಖ್ಯಸ್ಥರಾದರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ವಾಪಸ್ ಪಡೆದದ್ದೂ ಉಂಟು. ವಾಪಸ್ ಪಡೆಯಬಾರದಿತ್ತು ಅನ್ನುವವರ ಪೈಕಿ ನಾನೂ ಒಬ್ಬ.

ಬರ್ಮಾದಲ್ಲಿ ಅವರ ಪಟಾಲಂನಲ್ಲೇ ಇದ್ದ ಹುಡುಗ ಸೋಮನಾಥ ಶರ್ಮಾ. 1947ರ ನವೆಂಬರ್ 3ರಂದು ಶ್ರೀನಗರದ ಹತ್ತಿರ ಬಡಗಾಮ್‌ನಲ್ಲಿ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಹೋರಾಡಿ ತೀರಿಕೊಂಡರು. ವಯಸ್ಸು 24. ದೇಶದ ಮೊದಲ ಪರಮವೀರ ಚಕ್ರ ಅವರದ್ದು. ಪದಕದಲ್ಲಿ ಅವರೇ ದೊಡ್ಡವರು, ಹುದ್ದೆ ಮೇಜರ್‌ಗೇ ನಿಂತಿತು.

ನಿಮ್ಮ ಮಗ ಯುಪಿಎಸ್‌ಸಿಯ ಸಿಡಿಎಸ್ (ಸೇನಾಧಿಕಾರಿಗಳ ನೇಮಕಾತಿ) ಪರೀಕ್ಷೆ ಬರೆಯಲಿ, ವರ್ಷಕ್ಕೆ ಎರಡು ಸಲ ಇರುತ್ತದೆ, ಕೊನೆ ವರ್ಷದವರೂ ಅರ್ಜಿ ಹಾಕಬಹುದು. ಪಾಸಾದರೆ ಐದು ದಿನದ, ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನ. ಅಲ್ಲಿ ಗುಂಪಿನಲ್ಲಿ ಮಾತಾಡಬೇಕು, ಸುಮ್ನೆ ಕೂತರೆ ಆಗಲ್ಲ, ಅದನ್ನು ಈಗಿನಿಂದಲೇ ರೂಢಿ ಮಾಡಿಸಿ.